ಗಾದಿ ಕಾಕಾ ಹೊಲಿದ ಮನುಷ್ಯ

ಮೊನ್ನೆ ನಮ್ಮ ಆಸ್ಪತ್ರೆಗೆ ಆಳುದ್ದದ ಪೆಟ್ಟಿಗೆಯೊಂದು ಬಂತು. ಬಿಚ್ಚಿದರೆ ಒಳಗೆ ರಬ್ಬರಿನ ಮನುಷ್ಯ. ನಿಂತ ಹೃದಯವನ್ನು ಮತ್ತೆ ನಡೆಸುವುದು ಹೇಗೆಂದು ಕಲಿಸುವ ಬೊಂಬೆ. ಎದೆಯನ್ನು ಸರಿಯಾಗಿ ಒತ್ತಿದರೆ ಹಸಿರು ದೀಪ, ತಪ್ಪಿದರೆ ಕೆಂಪು. ಹೊಸ ರಬ್ಬರಿನ ವಾಸನೆ ಕೋಣೆಯೆಲ್ಲ ತುಂಬಿತು. ಎಲ್ಲರೂ ಮೆಚ್ಚಿದರು. ನನಗೆ ಮಾತ್ರ ಹತ್ತಿಯ ದೂಳಿನ ನೆನಪಾಗಿ ಸಾಲಾಗಿ ಮೂರು ಸೀನು ಬಂದವು.

ಯಾಕೆಂದು ಹೇಳುತ್ತೇನೆ, ಸ್ವಲ್ಪ ಕೂತುಕೊಳ್ಳಿ.

ಕೆಲವು ವರ್ಷಗಳ ಹಿಂದಿನ ಮಾತು. ಆಗಲೂ ನಾನು ಇದೇ ಕುಂದಗೋಳ ಸೀಮೆಯಲ್ಲಿ ನರ್ಸು. ಹುಬ್ಬಳ್ಳಿಯಲ್ಲಿ ಈ ವಿದ್ಯೆಯ ತರಬೇತಿ ಮುಗಿಸಿ ಬಂದ ಮರುದಿನವೇ ನಮ್ಮ ಡಾಕ್ಟರು, "ಸಿಸ್ಟರ್, ಬರೂ ಶುಕ್ರವಾರ ನೀವ ಎಲ್ಲಾರಿಗೂ ಕಲಸ್ರಿ" ಎಂದುಬಿಟ್ಟರು. ಹಿಂದಿನ ಬೆಂಚಿನಲ್ಲಿ ಕೂತು ತಲೆಯಾಡಿಸಿ ಪಾಸಾದವಳು ನಾನು. ಮುಂದೆ ನಿಂತವರಿಗೆ ತಲೆಯಾಡಿಸಿದರೆ ಸಾಲದಷ್ಟೆ. ಮೇಲಾಗಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಸಂಶಿಯ ಕನ್ನಡ ಶಾಲೆಯಲ್ಲಿ ಕಲಿತ ನನ್ನ ಇಂಗ್ಲಿಷು ಔಷಧದ ಚೀಟಿ ಓದುವಷ್ಟಕ್ಕೆ ಸರಿ. ಬಾಯಿ ಬಿಟ್ಟರೆ ಶಬ್ದಗಳು ಸಂತೆಯಲ್ಲಿ ಕೈಬಿಟ್ಟ ಮಕ್ಕಳ ಹಾಗೆ ದಿಕ್ಕಿಗೊಂದು ಓಡುತ್ತವೆ. ಡಾಕ್ಟರ ಎದುರಿಗೆ ನಗೆಗೀಡಾಗುವುದು ಖಂಡಿತ ಎಂದು ಎರಡು ದಿನ ಊಟ ಸೇರಲಿಲ್ಲ.

ಪಡಸಾಲೆಯ ಗೋಡೆಯ ಮೇಲೆ ಸೀಮೆಸುಣ್ಣದಿಂದ ಹೃದಯದ ಗೆರೆಗಳನ್ನು ಬರೆದು ಅಭ್ಯಾಸ ಶುರು ಮಾಡಿದೆ. ಯಂತ್ರದಲ್ಲಿ ಯಾವ ಗೆರೆ ಕಂಡರೆ ಶಾಕ್ ಕೊಡಬೇಕು, ಯಾವುದಕ್ಕೆ ಕೊಡಬಾರದು ಎಂದು ತಿಳಿಯಬೇಕು: ಹೇಗೆಂದರೆ ಹಾಗೆ ನಡುಗುವ ಗೆರೆಗೆ ಕೊಡಬೇಕು, ನೆಟ್ಟಗಿನದಕ್ಕೆ ಕೊಡಬಾರದು. ಅತ್ತೆ ಬಂದು ಸೊಂಟಕ್ಕೆ ಕೈಯಿಟ್ಟು ನೋಡಿದರು.

"ಈ ಡೊಂಕ ಗೆರಿ ಯಾಕ ಬರದಿ? ಕೆಳಗಿಂದು ನೋಡು, ಎಷ್ಟ ನೆಟ್ಟಗೈತಿ."

"ನೆಟ್ಟಗಾತಂದ್ರ ಎದಿ ಪೂರಾ ನಿಂತೈತಿ ಅಂತ ಅರ್ಥರೀ ಅತ್ತಿ. ಬದುಕಿದ್ದಾವರದು ಡೊಂಕನ ಇರ್ತೈತಿ."

ಅತ್ತೆ ವಿಚಾರ ಮಾಡಿದರು. "ಹಂಗಾರ ನಿಮ್ಮ ಮಾವಗ ನೂರು ವರ್ಷ ಏನೂ ಆಗೂದಿಲ್ಲ ಬಿಡು."

ಹೊರಗೆ ಕಟ್ಟೆಯ ಮೇಲೆ ಮಾವ ಕೆಮ್ಮಿದರು.

ಬದುಕಿರುವವರ ಎದೆ ಒತ್ತುವ ಹಾಗಿಲ್ಲ. ಆದ್ದರಿಂದ ಭುಜ ತಟ್ಟಿ ಕೂಗಿ ನೋಡುವ ಮೊದಲ ಹೆಜ್ಜೆಗಷ್ಟೇ ಅತ್ತೆಯನ್ನು ಚಾಪೆಯ ಮೇಲೆ ಮಲಗಿಸಿದೆ.

"ನಿಮಗ ಕೇಳಸ್ತೈತೇನ್ರಿ?"

"ಓಣಿಗೆಲ್ಲಾ ಕೇಳಸ್ತೈತಿ."

"ಅತ್ತಿ, ನಿಮಗ ಎಚ್ಚರಿಲ್ಲ."

"ಎಚ್ಚರಿಲ್ಲದಾಕಿನ್ನ ಯಾಕ ಕೇಳ್ತಿ ಮತ್ತ?"

ನಾಲ್ಕನೆಯ ಸಲ ಕೂಗಿದಾಗ ಉತ್ತರ ಬರಲಿಲ್ಲ. ನಿಜವಾಗಿಯೂ ಗಾಬರಿಯಾದೆ. ಅತ್ತೆಗೆ ನಿದ್ದೆ ಹತ್ತಿತ್ತು.

ಬುಧವಾರ ಸುದ್ದಿ ಬಂತು: ಧಾರವಾಡದಿಂದ ಬರಬೇಕಾದ ಬೊಂಬೆ ಬೇರೆ ತಾಲೂಕಿಗೆ ಹೋಗಿದೆ. "ಏನರೆ ಒಂದು ವ್ಯವಸ್ಥಾ ಮಾಡ್ರಿ ಸಿಸ್ಟರ್" ಎಂದರು ಡಾಕ್ಟರು. ಬಜಾರಿನಲ್ಲಿ ಗಾದಿ ಹೊಲಿಯುವ ಇಮಾಮಸಾಬ ಕಾಕಾನ ಅಂಗಡಿಗೆ ಹೋದೆ.

"ಕಾಕಾ, ಒಂದು ಮನಷ್ಯಾನ್ನ ಹೊಲದು ಕೊಡ್ರಿ."

ಕಾಕಾ ಸೂಜಿಯಿಂದ ಕಣ್ಣೆತ್ತಲಿಲ್ಲ. "ಎಷ್ಟು ಫೂಟು?"

ಎದೆ ಎರಡು ಇಂಚು ತಗ್ಗಬೇಕು, ಬಿಟ್ಟ ಕೂಡಲೇ ಏಳಬೇಕು ಎಂದೆ. ಕಾಕಾ ಹತ್ತಿ ತುಂಬಿ ಒತ್ತಿ ನೋಡಿದ. ತಗ್ಗಿದ್ದು ತಗ್ಗೇ ಉಳಿಯಿತು.

"ಹತ್ತಿ ಒಮ್ಮೆ ಕುಂತ್ರ ಏಳೂದಿಲ್ರಿ ಬಾಯಾರ, ಸರಕಾರಿ ನೌಕರರಂಗ" ಎಂದವನು ನನ್ನ ಮುಖ ನೋಡಿ, "ನಿಮ್ಮನ್ನ ಬಿಟ್ಟು" ಎಂದು ಸೇರಿಸಿದ.

ಕೊನೆಗೆ ಹಳೆಯ ಮೋಟರ್ ಸೈಕಲ್ ಸೀಟಿನ ಸ್ಪಂಜು ಹುಡುಕಿ ತಂದು ಎದೆಯೊಳಗೆ ಹತ್ತಿಯ ನಡುವೆ ಇಟ್ಟ. ಒತ್ತಿದ, ಬಿಟ್ಟ, ಒತ್ತಿದ, ಬಿಟ್ಟ. "ಒತ್ತೂದು ಎಲ್ಲಾರಿಗೂ ಬರ್ತೈತ್ರಿ. ಪೂರಾ ಏಳಾಕ ಬಿಡಬೇಕು, ಅದ ಕಷ್ಟ. ಇಲ್ಲಂದ್ರ ಗಾದಿ ಸಾಯ್ತೈತಿ."

ಹುಬ್ಬಳ್ಳಿಯಲ್ಲಿ ಇದನ್ನೇ ಹೇಳುವ ನಾಲ್ಕು ಪುಟ ಇಂಗ್ಲಿಷನ್ನು ನಾನು ಬಾಯಿಪಾಠ ಮಾಡಿದ್ದೆ. ಒತ್ತಿದ ಎದೆ ಪೂರ್ತಿ ಎದ್ದರೆ ಮಾತ್ರ ಅದರೊಳಗೆ ಮತ್ತೆ ರಕ್ತ ತುಂಬುತ್ತದೆ ಎಂಬುದು ತಲೆಗೆ ಇಳಿದದ್ದು ಆ ಅಂಗಡಿಯ ಕಟ್ಟೆಯ ಮೇಲೆ. ನಾನು ಬೇಡವೆಂದರೂ ಕಾಕಾ ಮೀಸೆ ಬರೆದ. ಅರಿವೆ ದೊಡ್ಡ ದೊಡ್ಡ ಗುಲಾಬಿ ಹೂವಿನದು. ಗಂಡಸೆಂದು ಗೊತ್ತಾಗಬೇಕಲ್ಲ ಎಂಬುದು ಅವನ ವಾದ.

ಶುಕ್ರವಾರ ಕೋಣೆ ತುಂಬಿತ್ತು. ಡಾಕ್ಟರು, ನರ್ಸುಗಳು, ಆಯಾ ಗಂಗವ್ವ, ಆಂಬುಲೆನ್ಸ್ ಓಡಿಸುವ ಕುಬಿಹಾಳದ ಬಸ್ಸಣ್ಣ. ತನ್ನ ಕೆಲಸ ನೋಡಲು ಕಾಕಾ ಬಾಗಿಲಲ್ಲಿ ನಿಂತಿದ್ದ. ನನ್ನ "ಗುಡ್ ಮಾರ್ನಿಂಗ್" ಚೆನ್ನಾಗಿಯೇ ಆಯಿತು. ಮುಂದಿನ ಇಂಗ್ಲಿಷನ್ನು ಹಾಳೆ ನೋಡಿ ಓದುತ್ತ ಹೋದೆ. ಗಂಗವ್ವ ಒಂದೇ ಸಮನೆ ತಲೆಯಾಡಿಸುತ್ತಿದ್ದಳು. ಆ ತಲೆಯಾಟದ ಅರ್ಥ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ದಿಕ್ಕು ತೋಚದೆ, ಎದೆ ಒತ್ತಿ ತೋರಿಸಲು ಬಸ್ಸಣ್ಣನನ್ನು ಕರೆದೆ. ಬಸ್ಸಣ್ಣ ಕುಸ್ತಿ ಆಡಿದವನು. ಮೈಭಾರವನ್ನೆಲ್ಲ ಹಾಕಿ ಒತ್ತಿದ, ಬಿಡಲಿಲ್ಲ, ಮತ್ತೆ ಒತ್ತಿದ. ಪರ್‌ ಎಂದು ಎದೆ ಹರಿಯಿತು. ಮೇಲೆ ಪಂಕಾ ತಿರುಗುತ್ತಿತ್ತು. ಹತ್ತಿ ಕೋಣೆಯೆಲ್ಲ ಹಾರಿ ಡಾಕ್ಟರ ಗಡ್ಡಕ್ಕೆ ಅಂಟಿತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಬಸ್ಸಣ್ಣ ಕೈ ಮೇಲೆತ್ತಿ, "ಸತ್ತನೇನ್ರಿ?" ಎಂದ.

ನನಗೆ ಎಲ್ಲಿತ್ತೋ ಸಿಟ್ಟು. "ಯಾಕ ನಿಂತ್ಯೋ ಬಸ್ಸಣ್ಣ? ಖರೇ ಮನಷ್ಯಾ ಇದ್ರ ಹಿಂಗ ಕೈ ಬಿಡ್ತಿದ್ದೇನು? ಒತ್ತು! ಏಳಾಕ ಬಿಡು! ಮತ್ತ ಒತ್ತು! ಗಂಗವ್ವಾ, ಗಡಿಯಾರ ನೋಡಿ ಎರಡು ನಿಮಿಷಕ್ಕ ಒದರು, ಒತ್ತಾವರು ಬದಲಾಗಬೇಕು! ಸಾಹೇಬ್ರ, ನಕ್ಕೋಂತ ಏನ್ ನಿಂತೀರಿ? ಯಂತ್ರದಾಗ ಗೆರಿ ಡೊಂಕಡೊಂಕ ನಡಗಾಕತ್ತೈತಿ ಅಂತ ತಿಳೀರಿ, ಶಾಕ್ ಕೊಡಬೇಕೋ ಬ್ಯಾಡೋ ಹೇಳ್ರಿ!"

ಡಾಕ್ಟರು ಶಾಲೆಯ ಹುಡುಗನಂತೆ ನೆಟ್ಟಗೆ ನಿಂತು, "ಕೊಡಬೇಕ್ರಿ ಸಿಸ್ಟರ್" ಎಂದರು.

ಆಮೇಲೆ ಎರಡು ತಾಸು ನನ್ನ ಬಾಯಿ ನಿಲ್ಲಲಿಲ್ಲ, ಯಾರೂ ಸುಮ್ಮನೆ ತಲೆಯಾಡಿಸಲಿಲ್ಲ. ಹೊರಡುವಾಗ ಕಾಕಾ, "ನನ್ನ ಹೊಲಿಗಿ ಗಟ್ಟಿನ ಇತ್ರಿ. ಬಸ್ಸಣ್ಣ ಏಳಾಕ ಬಿಡಲೇ ಇಲ್ಲ" ಎಂದು ಸ್ಪಷ್ಟಪಡಿಸಿ ಹೋದ.

ಮುಂದೆ ಕೆಲವು ತಿಂಗಳಿಗೆ, ಬಸ್ ನಿಲ್ದಾಣದ ಚಹಾದಂಗಡಿಯ ಶೇಖಪ್ಪ ನಿಂತಲ್ಲೇ ಕುಸಿದ. ಬಾಜುವಿನಲ್ಲೇ ಚಹಾ ಕುಡಿಯುತ್ತಿದ್ದ ಬಸ್ಸಣ್ಣ ಲೋಟ ಚೆಲ್ಲಿ ಮೊಳಕಾಲೂರಿದ. ಕೂಗಿದರೆ ಎಚ್ಚರವಿಲ್ಲ, ನೋಡಿದರೆ ಉಸಿರಿಲ್ಲ. "ಒತ್ತು! ಏಳಾಕ ಬಿಡು!" ಎಂದು ತನಗೆ ತಾನೇ ಬೈದುಕೊಳ್ಳುತ್ತ ಒತ್ತಿದನಂತೆ. ಆಸ್ಪತ್ರೆಗೆ ತಂದಾಗ ಯಂತ್ರದಲ್ಲಿ ಗೆರೆ ನಡುಗುತ್ತಿತ್ತು. ಎರಡನೆಯ ಶಾಕಿಗೆ ನಾಡಿ ಸಿಕ್ಕಿತು. ನಾನು ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಿಂದ ಗುಣವಾಗಿ ಬಂದ ಶೇಖಪ್ಪ ಕೇಳಿದ ಮೊದಲ ಮಾತು: "ನನ್ನ ಎದಿ ಎಲುಬು ಮುರದಾಂವ ಯಾಂವ?"

ನಿನ್ನೆ ಅದೇ ಶೇಖಪ್ಪ ಬಿಪಿ ತೋರಿಸಲು ಬಂದಿದ್ದ. ಹೊಸ ಬೊಂಬೆಯ ಮೇಲೆ ನಾಳೆ ನಾನು ಮಾಡಬೇಕಾದ ಪಾಠದ ಚೀಟಿಯನ್ನು ಬಾಗಿಲ ಮೇಲೆ ಓದಿ, "ನನ್ನ ಹೆಸರೂ ಬರ್ಕೋರಿ ಬಾಯಾರ" ಎಂದ.

"ನಿಮಗ್ಯಾಕ್ರಿ ಇದು?"

"ಬಸ್ಸಣ್ಣಗೂ ವಯಸ್ಸಾಗಾಕತ್ತೈತಿ. ನಾಳೆ ಅಂವಾ ಬಿದ್ರ, ಅಂವನ ಎಲುಬು ನಾನ ಮುರೀಬೇಕ್ರಿ. ಮತ್ಯಾರಿಗೂ ಬಿಡಂಗಿಲ್ಲ."

ಎಲ್ಲರಿಗಿಂತ ಮೇಲೆ ಅವನ ಹೆಸರು ಬರೆದೆ.