ಕಿಟಕಿ ಪಕ್ಕದ ಮಂಚ

ಮೊನ್ನೆ ಕೋಲಾರದಲ್ಲಿ ನಮಗೊಂದು ತರಬೇತಿ ಇತ್ತು. ಹಾಲ್ ಬಾಗಿಲಲ್ಲಿ ಕಾಲಿಡ್ತಿದ್ದ ಹಾಗೇ, ಆಗ ತಾನೇ ಒರೆಸಿದ ನೆಲದ ಫಿನಾಯಿಲ್ ವಾಸನೆ ರಪ್ಪಂತ ಮೂಗಿಗೆ ಹೊಡೀತು. ಅದರ ಹಿಂದೆಯೇ ನನ್ನ ಹಳೇ ಆಸ್ಪತ್ರೆಯ ಆಯಾ ಬಂದು ನಿಂತ ಹಾಗಾಯ್ತು... ಎಡಗೈಲಿ ಬಕೀಟು, ಸೊಂಟಕ್ಕೆ ಸಿಕ್ಕಿಸಿದ ಸೆರಗು.

ಬುಡಕಟ್ಟು ಜನರ ಜೊತೆ ಡಾಕ್ಟರುಗಳು ಹೇಗೆ ನಡ್ಕೋಬೇಕು ಅಂತ ಹೇಳಿಕೊಡೋ ತರಬೇತಿ ಅದು. ಒಳ್ಳೇದೇ, ಯಾರು ಬೇಡ ಅಂದ್ರು? ಆದರೆ ವೇದಿಕೆ ಮೇಲೆ ಆ ಜನದವರು ಒಬ್ಬರೂ ಇಲ್ಲ. ಬೆಂಗಳೂರಿಂದ ಬಂದ ತಜ್ಞರು ಪರದೆ ಮೇಲೆ ಚಿತ್ರ ತೋರಿಸಿ, ರೋಗಿಯ ಮಂಚವನ್ನ ಕಿಟಕಿ ಪಕ್ಕ ಹಾಕ್ಬೇಕು, ಹೊರಗೆ ಕೂತ ತಮ್ಮ ಜನ ರೋಗಿಯ ಕಣ್ಣಿಗೆ ಕಾಣ್ತಿರಬೇಕು ಅಂದ್ರು. ಹೊಸ ವಿಧಾನವಂತೆ! ಎಲ್ಲರೂ ತಲೆ ಬಗ್ಗಿಸಿ ಬರ್ಕೊಂಡ್ರು. ನನಗೆ ಮೈಯೆಲ್ಲಾ ಉರಿದುಹೋಯ್ತು.

ಇಪ್ಪತ್ತು ವರ್ಷದ ಹಿಂದಿನ ಮಾತು. ಲಕ್ಕೂರಿನಾಚೆ ಇರುಳಿಗ ಬುಡಕಟ್ಟಿನವರ ಕಾಲೊನಿಯಿಂದ ಒಬ್ಬ ಬಾಣಂತಿ ಬಂದಿದ್ಲು. ಮೈ ಸುಡೋ ಜ್ವರ, ನಂಜು ಏರಿತ್ತು. ಜೊತೆಗೆ ಹನ್ನೊಂದು ಜನ. ಇದೇನು ಸಂತೆನಾ ಅಂತ ರೇಗಿ, ವಾಚ್‌ಮನ್‌ಗೆ ಹೇಳಿ ಎಲ್ಲರನ್ನೂ ಗೇಟಿನಾಚೆ ಕಳಿಸಿದೆ. ಅವರು ಮರೆಯಾಗಿದ್ದೇ ತಡ, ಆಕೆ ಡ್ರಿಪ್ಪಿನ ಸೂಜಿ ಕಿತ್ತು ಎದ್ದಳು. ಹೋದ್ರೆ ಸಾಯ್ತೀಯ ಅಂತ ಬೈದೆ. ಕಿವಿಗೇ ಹಾಕ್ಕೊಳ್ಳಲಿಲ್ಲ. ಮೊಂಡು ಜನ ಅಂದ್ಕೊಂಡು ಊಟಕ್ಕೆ ಹೋದೆ... ಹೌದು, ಊಟಕ್ಕೆ.

ನಮ್ಮ ಆಯಾನೂ ಅದೇ ಕಾಲೊನಿಯವರು. ನಾನು ವಾಪಸ್ ಬರೋ ಹೊತ್ತಿಗೆ ಮಂಚ ಕಿಟಕಿ ಪಕ್ಕದಲ್ಲಿತ್ತು. ಹೊರಗೆ ಹೊಂಗೆಮರದ ಕೆಳಗೆ ಹನ್ನೊಂದೂ ಜನ ಕೂತಿದ್ರು. ಬಾಣಂತಿ ಅವರನ್ನೇ ನೋಡ್ತಾ, ನರ್ಸಮ್ಮನ ಕೈಲಿ ಮತ್ತೆ ಸೂಜಿ ಹಾಕಿಸ್ಕೊಂಡು ಸುಮ್ಮನೆ ಮಲಗಿದ್ಲು. ಯಾರನ್ನ ಕೇಳಿ ಮಂಚ ಎಳೆದೆ ಅಂತ ಆಯಾ ಮೇಲೆ ಹಾರಾಡಿದೆ.

"ತನ್ನೋರು ಕಾಣಿಸಿದ್ರೆ ಇರ್ತಾಳೆ ಡಾಕ್ಟ್ರಮ್ಮ. ಅವ್ಳೇ ಎದ್ದೋದ್ರೆ ನಿಮ್ಮ ಔಷ್ದಿ ಯಾರಿಗೆ ಕೊಡ್ತೀರಾ?"

ಬಾಣಂತಿ ಐದು ದಿನ ಇದ್ದು, ಬದುಕಿ, ಮಗು ಎತ್ಕೊಂಡು ಮನೆಗೆ ಹೋದಳು. ಆಯಾಗೆ ನಾನು ಮೆಮೋ ಕೊಟ್ಟೆ... ಹೇಳದೆ ಕೇಳದೆ ಮಂಚ ಜರುಗಿಸಿದ್ದಕ್ಕೆ.

ಮೊನ್ನೆ ತಡೆಯೋಕಾಗದೆ ಎದ್ದು ನಿಂತು, ಇದನ್ನ ನಮ್ಮ ಆಯಾ ಯಾವತ್ತೋ ಮಾಡಿ ತೋರಿಸಿದ್ರು ಅಂದೆ. ತಜ್ಞರು ಪೆನ್ನು ತೆಗೆದು, ಅವರ ಹೆಸರೇನು ಹೇಳಿ, ಮುಂದಿನ ಸಲ ಕರೆಸೋಣ ಅಂದ್ರು. ಅವರು ತೀರಿಹೋಗಿ ನಾಲ್ಕು ವರ್ಷ ಆಯ್ತು ಅಂದೆ. ಹೆಸರು ಮಾತ್ರ ಬಾಯಿಗೆ ಬರಲಿಲ್ಲ. ಏಳು ವರ್ಷ ಜೊತೆಲಿ ದುಡಿದವರ ಹೆಸರನ್ನ ನಾನು ಕೇಳಿದ್ದು ಒಂದೇ ಒಂದು ಸಲ, ಆ ಮೆಮೋದಲ್ಲಿ ಬರೆಯೋಕೆ.