ನಿಲ್ಲಿಸಲು ಬಾರದವರು

ನಮ್ಮಪ್ಪನಿಗೆ ಹಾಡು ಶುರು ಮಾಡಲು ಬರುತ್ತಿತ್ತು, ಮುಗಿಸಲು ಬರುತ್ತಿರಲಿಲ್ಲ. ಇದು ಮಗ ಹೊರಿಸುತ್ತಿರುವ ಆರೋಪವಲ್ಲ, ಬಸವಕಲ್ಯಾಣದ ನಮ್ಮ ಓಣಿಯವರೆಲ್ಲ ಅನುಭವಿಸಿದ ಸತ್ಯ. ಹಗಲು ಹೊತ್ತು ಬಟ್ಟೆ ಅಂಗಡಿಯಲ್ಲಿ ಗಜಕಡ್ಡಿ ಹಿಡಿದು ಕೂತರೆ ಗಿರಾಕಿ ಕೇಳಿದ್ದಕ್ಕಿಂತ ಒಂದು ಬೆರಳು ಹೆಚ್ಚಿಗೆ ಹರಿದು ಕೊಟ್ಟವನಲ್ಲ. ಆದರೆ ಸೋಮವಾರ ಸಂಜೆ ಭಜನೆಗೆ ಕೂತು ಏಕತಾರಿ ಹೆಗಲಿಗೆ ಒರಗಿಸಿಕೊಂಡನೆಂದರೆ ಅಳತೆಯ ಮಾತೇ ಇಲ್ಲ. ಒಂದೇ ತತ್ವಪದ, ಒಂದು ತಾಸು. ಪಲ್ಲವಿ ಮುಗಿಯಿತೆಂದು ಮಂದಿ ಉಸಿರು ಬಿಡುವಷ್ಟರಲ್ಲಿ ಅದೇ ಪಲ್ಲವಿಯನ್ನು ಇನ್ನೊಂದು ದಾರಿಯಿಂದ ಕರೆದುಕೊಂಡು ಬರುತ್ತಿದ್ದ. ಹುಲಸೂರಿನಿಂದ ಇಬ್ಬರು ತಪ್ಪದೆ ಬರುತ್ತಿದ್ದರು. ಕೊನೆಯ ಬಸ್ಸಿನ ಟೈಮು ಮೊದಲೇ ಹೇಳಿಯೇ ಕೂರುತ್ತಿದ್ದರು. ಆ ಬಸ್ಸು ಅವರಿಗೆ ಒಮ್ಮೆಯಾದರೂ ಸಿಕ್ಕ ನೆನಪು ನನಗಿಲ್ಲ. ಅವರ ಹಾಸಿಗೆ ನಮ್ಮ ಪಡಸಾಲೆಯಲ್ಲಿ ಕಾಯಂ ಆಗಿತ್ತು.

ತಾಳ ಹಾಕುವ ಶಿಕ್ಷೆ ನನ್ನದು. ನಾನು ಹುಟ್ಟಿದ ವರ್ಷವೇ ನಮ್ಮ ಊರು ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತ್ತು. ಉರ್ದುವಿನಲ್ಲಿ ಓದಿದ ಅಪ್ಪ ಕನ್ನಡ ಅಕ್ಷರ ಕಲಿತದ್ದು ನನ್ನ ಜೊತೆ, ನನ್ನ ಪಾಟಿಯ ಮೇಲೆಯೇ. ಕನ್ನಡ ಪದಗಳನ್ನೆಲ್ಲ ಅವನು ಉರ್ದು ಲಿಪಿಯಲ್ಲಿ ಒಂದು ದಪ್ಪ ವಹಿಯಲ್ಲಿ ಬರೆದಿಟ್ಟುಕೊಂಡಿದ್ದ. ಹೀಗಾಗಿ ಪದ ಎಲ್ಲಿಗೆ ಬಂತು, ಇನ್ನೆಷ್ಟು ಉಳಿದಿದೆ ಎಂದು ಬಗ್ಗಿ ನೋಡುವ ಅನುಕೂಲವೂ ನನಗಿರಲಿಲ್ಲ. ಅವನ ಅಚ್ಚುಮೆಚ್ಚಿನ ಪದ ಏಳು ಮಾತ್ರೆಯದು. ಮೂರು, ಎರಡು, ಎರಡು. ಮೂರು, ಎರಡು, ಎರಡು. ತೋಳು ಸೋತು ಒಂದು ಪೆಟ್ಟು ತಪ್ಪಿದರೆ ಅಪ್ಪ ಹಾಡು ನಿಲ್ಲಿಸದೆ ಕಣ್ಣು ಕೆಕ್ಕರಿಸುತ್ತಿದ್ದ, ಆಮೇಲೆ ಆ ನುಡಿಯನ್ನು ಮೊದಲಿನಿಂದ ಎತ್ತಿಕೊಳ್ಳುತ್ತಿದ್ದ.

ಇಪ್ಪತ್ತು ತುಂಬುತ್ತಲೇ ಹುಮನಾಬಾದಿಗೆ ಓಡಿದೆ. ಅಲ್ಲೊಂದು ಟೆಂಟ್ ಸಿನಿಮಾದಲ್ಲಿ ಆಪರೇಟರ್ ಕೆಲಸ. ದೊಡ್ಡ ರಸ್ತೆಯ ಊರು, ಹಗಲಿಡೀ ಲಾರಿಗಳು, ಯಾರಿಗೂ ಒಂದು ತಾಸು ಕೂತು ಪದ ಕೇಳುವ ಪುರುಸೊತ್ತಿಲ್ಲ. ನನಗೆ ಬೇಕಾದದ್ದೂ ಅದೇ. ಇಲ್ಲಿ ಹಾಡುಗಳು ಮೂರು ನಿಮಿಷಕ್ಕೆ ಮುಗಿಯುತ್ತವೆ ಎಂದು ಅಪ್ಪನಿಗೆ ಪತ್ರ ಬರೆದೆ.

ಟೆಂಟಿನ ಕಂಬಕ್ಕೆ ಎರಡು ಹಾರ್ನು ಕಟ್ಟಿದ್ದೆವು. ಊರಿಗೆ ಅದೇ ಗಡಿಯಾರ. ಹೊತ್ತು ಮುಳುಗುವ ಹೊತ್ತಿಗೆ ನಾಲ್ಕು ರೆಕಾರ್ಡು ಹಚ್ಚುತ್ತಿದ್ದೆ. ಮೊದಲನೆಯದು ಬಂತೆಂದರೆ ಮನೆಮನೆಯಲ್ಲಿ ಊಟಕ್ಕೆ ತಾಟು ಹಾಕುತ್ತಿದ್ದರು. ಎರಡನೆಯದಕ್ಕೆ ಕೈ ತೊಳೆದು, ಮೂರನೆಯದಕ್ಕೆ ಬಾಗಿಲಿಗೆ ಕೀಲಿ ಹಾಕುತ್ತಿದ್ದರು. ನಾಲ್ಕನೆಯದು ದೇವರ ಹಾಡು. ಅದು ಮುಗಿಯುವುದರೊಳಗೆ ಟಿಕೆಟ್ ಕೈಯಲ್ಲಿರಬೇಕು. ಹಾರ್ನು ಸುಮ್ಮನಾಯಿತೆಂದರೆ ಸಿನಿಮಾ ಶುರುವಾಯಿತೆಂದೇ ಅರ್ಥ.

ಪ್ರತಿ ಗುರುವಾರ ಹೊಸ ಸಿನಿಮಾದ ಡಬ್ಬಿ ತರಲು ಹೈದರಾಬಾದಿಗೆ ಹೋಗುತ್ತಿದ್ದೆ. ಗುರುವಾರವೆಂದರೆ ಜುಮೇರಾತ್ ಬಜಾರ್, ತುಕ್ಕು ಹಿಡಿದ ಪಂಪಿನಿಂದ ಹಿಡಿದು ಒಂಟಿ ಬೂಟಿನವರೆಗೆ ಎಲ್ಲವೂ ನೆಲದ ಮೇಲೆ. ಅಲ್ಲೊಮ್ಮೆ ಹಳೆಯ ಬೀಗಗಳ ರಾಶಿಯ ಪಕ್ಕದಲ್ಲಿ ಮೂರು ವಿಲಾಯತಿ ಎಲ್‌ಪಿ ಸಿಕ್ಕವು. ಒಂದರ ಹೊದಿಕೆಯ ಮೇಲೆ ಮರಳುಗಾಡಿನಲ್ಲಿ ನಿಂತ ಹಡಗು. ಇನ್ನೊಂದರಲ್ಲಿ ತಲೆಯ ಜಾಗದಲ್ಲಿ ಮರ ಬೆಳೆದ ಮನುಷ್ಯ. ಮೂರನೆಯದರಲ್ಲಿ ಏನೂ ಇಲ್ಲ, ಬರೀ ಬೂದಿ ಬಣ್ಣ. ಹಾಡಿದವರ ಮುಖ ಎಲ್ಲಿಯೂ ಇರಲಿಲ್ಲ. ಮನೆಯವರಿಗೆ ಗೊತ್ತಾಗಬಾರದೆಂದು ಇರಬೇಕು ಅಂದುಕೊಂಡೆ. ಹಡಗಿನ ರೆಕಾರ್ಡಿನ ಒಂದು ಬಾಜುವಿನಲ್ಲಿ ಒಂದೇ ಹಾಡು, ಇಪ್ಪತ್ತಮೂರು ನಿಮಿಷ.

ಇದಕ್ಕೆ ಪ್ರೋಗ್ರೆಸಿವ್ ರಾಕ್ ಎನ್ನುತ್ತಾರೆಂದು ಡಬ್ಬಿ ಕೊಡುವ ಆಫೀಸಿನ ಗುಮಾಸ್ತ ತಿಳಿಸಿದ, ಪ್ರಗತಿಪರ ಎಂದು ಅರ್ಥವನ್ನೂ ಹೇಳಿದ. ನಮ್ಮ ಕಡೆ ಹೈಬ್ರಿಡ್ ಜೋಳ ಬಿತ್ತಿದವನಿಗೆ ಪ್ರಗತಿಪರ ರೈತ ಎಂದು ಶಾಲು ಹೊದಿಸುತ್ತಿದ್ದರು. ಈ ವಿಲಾಯತಿ ಮಂದಿ ಏನು ಬಿತ್ತಿದ್ದರೋ ಗೊತ್ತಿಲ್ಲ, ಬೆಳೆ ಮಾತ್ರ ಜೋರಾಗಿ ಬಂದಿತ್ತು. ಮಧ್ಯಾಹ್ನ ತಗಡಿನ ಕ್ಯಾಬಿನ್ನಿನಲ್ಲಿ ಬೆವರು ಒರೆಸಿಕೊಳ್ಳುತ್ತ ಒಬ್ಬನೇ ಕೇಳುತ್ತಿದ್ದೆ. ಒಂದು ಮಾತೂ ತಿಳಿಯುತ್ತಿರಲಿಲ್ಲ. ಹಾಡು ಮುಗಿಯಿತು ಅನ್ನುವಷ್ಟರಲ್ಲಿ ಅದೇ ಧಾಟಿ ಹಿತ್ತಲಿನಿಂದ ತಿರುಗಿ ಬರುತ್ತಿತ್ತು, ನನಗೆ ರೋಮಾಂಚನವಾಗುತ್ತಿತ್ತು. ಅಷ್ಟು ಖುಷಿ ನನಗೆ ಆವರೆಗೆ ಯಾವುದರಿಂದಲೂ ಆಗಿರಲಿಲ್ಲ. ಡ್ರಮ್ಮು ಏಳರಲ್ಲಿ ತಿರುಗಿದರೆ ನನ್ನ ಕೈ ತನ್ನಷ್ಟಕ್ಕೆ ಬರಾಬರ್ ಎಣಿಸುತ್ತಿತ್ತು. ನಾನೇನೋ ಹುಟ್ಟು ಪ್ರತಿಭೆ ಎಂದು ಹಿಗ್ಗಿದೆ.

ಇಂಥ ಸುಖ ಊರಿಗೂ ಸಿಗಲಿ ಎಂಬ ದುರ್ಬುದ್ಧಿ ಬಂತು. ಒಂದು ಶುಕ್ರವಾರ ಎರಡನೇ ಹಾಡಿನ ಜಾಗದಲ್ಲಿ ಹಡಗಿನ ರೆಕಾರ್ಡು ಹಚ್ಚಿದೆ. ಅದರ ನಡುವೆ ಎರಡು ನಿಮಿಷ ಏನೂ ಇಲ್ಲ, ದೂರದಲ್ಲಿ ಗಾಳಿ ಬೀಸಿದ ಸದ್ದು ಮಾತ್ರ. ಅರ್ಧ ಊರು ಹಾರ್ನು ಸುಮ್ಮನಾಯಿತು, ಸಿನಿಮಾ ಶುರುವಾಯಿತು ಎಂದು ತಾಟು ಬಿಟ್ಟು ಎದ್ದು ಓಡಿ ಬಂತು. ಕೆಲವರ ಕೈಯಲ್ಲಿ ಇನ್ನೂ ರೊಟ್ಟಿ ಇತ್ತು. ಅವರು ಗೇಟಿಗೆ ಬಂದು ನೂಕಾಡುವಾಗ ಹಾಡು ಮತ್ತೆ ಎದ್ದಿತು. ಇನ್ನರ್ಧ ಊರು ಇನ್ನೂ ಎರಡನೇ ಹಾಡೇ ನಡೆದಿದೆ ಎಂದು ಮನೆಯಲ್ಲಿ ಸಾವಕಾಶ ಮಜ್ಜಿಗೆ ಕುಡಿಯುತ್ತಿತ್ತು. ಕಡೆಗೆ ಉಳಿದೆರಡು ರೆಕಾರ್ಡು ಬಿಟ್ಟು ಸಿನಿಮಾ ಶುರು ಮಾಡಿದಾಗ ಒಳಗಿದ್ದವರು ಕಾದು ಕಾದು ಜಗಳಕ್ಕೆ ನಿಂತಿದ್ದರು, ಹೊರಗಿನವರು ಬಂದಾಗ ನಾಯಕನ ಅಪ್ಪ ಸತ್ತು ಎರಡು ರೀಲು ಕಳೆದಿತ್ತು. ಮನ್ನಾಏಖೇಳ್ಳಿಯಿಂದ ಬಸ್ಸು ಹತ್ತಿ ಬಂದಿದ್ದವರೊಬ್ಬರು ಕ್ಯಾಬಿನ್ನಿನ ಬಾಗಿಲು ಬಡಿದು ನನ್ನ ಮನೆತನದ ಬಗ್ಗೆ ವಿಚಾರಿಸಿಕೊಂಡು ಹೋದರು.

ಟೆಂಟಿನ ಮಾಲೀಕ ವಯಸ್ಸಾದ ಮನುಷ್ಯ, ಮೆಲ್ಲಗೆ ಮಾತಾಡುವವನು. ಅವನು ಬಂದು ರೆಕಾರ್ಡನ್ನು ಕೈಯಲ್ಲಿ ತಿರುಗಿಸಿ ನೋಡಿದ.

"ನಿಮ್ಮಪ್ಪನ ಭಜನಿಗೆ ಒಂದ್ ದಫಾ ಬಂದಿದ್ದೆ ನಾ," ಅಂದ. "ಅದ ರೋಗ ಇವ್ರಿಗೂ ಬಂದದ. ನಿಲ್ಸಾಕ ಬರಂಗಿಲ್ಲ."

ಕೆಲಸ ಹೋದರೂ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ಕೆಲಸ ಹೋಗಲಿಲ್ಲ; ಆ ರೆಕಾರ್ಡು ಮಾತ್ರ ಹಾರ್ನಿಗೆ ಮತ್ತೆ ಹಚ್ಚಕೂಡದೆಂದು ಅಪ್ಪಣೆಯಾಯಿತು. ಯಾವ ಮುದುಕನ ತಾಳದಿಂದ ತಪ್ಪಿಸಿಕೊಳ್ಳಲು ಊರು ಬಿಟ್ಟೆನೋ ಅದನ್ನೇ ಹೈದರಾಬಾದಿನ ಬೀದಿಯಲ್ಲಿ ಆರಿಸಿ ಕೊಂಡು ತಂದಿದ್ದೆ ಎಂದು ಒಪ್ಪಿಕೊಳ್ಳುವುದಕ್ಕಿಂತ, ಮಾಲೀಕನಿಗೆ ಸಂಗೀತ ತಿಳಿಯದು ಎಂದು ನಂಬುವುದು ಸುಲಭವಾಗಿತ್ತು. ವರ್ಷಗಟ್ಟಲೆ ಹಾಗೆಯೇ ನಂಬಿದೆ.

ಎಂಬತ್ತರ ದಶಕ ಬಂತು, ಜೊತೆಗೆ ವಿಡಿಯೊ ಬಂತು, ಟೆಂಟು ಎದ್ದುಹೋಯಿತು. ತಗಡಿನ ಕಾವಿಗೆ ಮೂರು ಎಲ್‌ಪಿಗಳೂ ಹಪ್ಪಳದಂತೆ ಸೊಟ್ಟಗಾಗುತ್ತ ಬಂದಿದ್ದವು. ಪೂರ್ತಿ ಹಾಳಾಗುವ ಮೊದಲು ಒಂದು ಅಂಗಡಿಯಲ್ಲಿ ಎರಡರ ಆಯ್ದ ಭಾಗಗಳನ್ನು ಒಂದು ಕ್ಯಾಸೆಟ್ಟಿಗೆ ತುಂಬಿಸಿಕೊಂಡೆ. ಮೊದಲ ಬಾಜು ಹಡಗಿನದು, ಎರಡನೆಯದು ಮರದ ತಲೆಯವನದು, ತಲಾ ಅರ್ಧ ತಾಸು, ಒಂದು ಇಂಚು ಟೇಪೂ ಖಾಲಿ ಇಲ್ಲ. ಹೆಂಡತಿ, ಮಗಳು, ಈ ಕ್ಯಾಸೆಟ್ಟು ಸಮೇತ ಬಸವಕಲ್ಯಾಣಕ್ಕೆ ಮರಳಿ ರೇಡಿಯೊ ರಿಪೇರಿ ಅಂಗಡಿ ಇಟ್ಟೆ.

ಮನೆಯಲ್ಲಿ ಆ ಕ್ಯಾಸೆಟ್ಟಿಗೆ ಇದ್ದ ಭಕ್ತ ನಾನೊಬ್ಬನೇ. ಒಂಬತ್ತು ವರ್ಷದ ಮಗಳಿಗೆ ಡಿಸ್ಕೊ ಹಾಡಿನ ಹುಚ್ಚು. ನನ್ನ ಕ್ಯಾಸೆಟ್ಟು ಹಚ್ಚಿದರೆ ಹಾಡು ಯಾವಾಗ ಶುರುವಾಗುತ್ತದೆ ಎಂದು ಕೇಳಿ, ಮುಂದಕ್ಕೆ ಓಡಿಸುವ ಗುಂಡಿ ಎರಡು ಸಲ ಒತ್ತಿ, ಬೇಸತ್ತು ತನ್ನದನ್ನು ತುರುಕುತ್ತಿದ್ದಳು. ಅಪ್ಪ ಮೊದಲ ಡ್ರಮ್ಮಿನ ಸದ್ದಿಗೇ ಚಪ್ಪಲಿ ಮೆಟ್ಟಿ ಹೊರಗೆ ನಡೆಯುತ್ತಿದ್ದ. ಸೋಮವಾರ ಅವನು ಏಕತಾರಿ ತೆಗೆದರೆ ನಾನು ಚಪ್ಪಲಿ ಮೆಟ್ಟುತ್ತಿದ್ದೆ. ಒಂದೇ ಹೊಸ್ತಿಲಲ್ಲಿ ಇಬ್ಬರ ಚಪ್ಪಲಿಗೂ ಕೆಲಸವಿತ್ತು.

ಆಮೇಲೆ ಅಪ್ಪನ ಗಂಟಲಲ್ಲಿ ಗಂಟು ಕಾಣಿಸಿಕೊಂಡಿತು. ಸೊಲ್ಲಾಪುರದ ಡಾಕ್ಟರು ನೋಡಿ ಆಪರೇಶನ್ ಆಗಲೇಬೇಕು, ಜೀವಕ್ಕೆ ಭಯವಿಲ್ಲ, ಧ್ವನಿ ಉಳಿಯುವುದಿಲ್ಲ ಅಂದರು. ಮರುದಿನ ಬೆಳಿಗ್ಗೆ ಹೊರಡಬೇಕು ಎನ್ನುವಾಗ ಮಧ್ಯಾಹ್ನ ಊಟದ ಹೊತ್ತಿಗೆ ಮಗಳು, ಅಜ್ಜನ ಪದ ಟೇಪ್ ಮಾಡಿ ಇಟ್ಟುಕೊಳ್ಳಬಾರದೇ ಎಂದು ಕೇಳಿದಳು. ಹನ್ನೊಂದು ವರ್ಷದಿಂದ ತಂತಿ, ಸ್ಪೀಕರು, ಮೈಕು ಎಂದು ಬದುಕಿದ ನನಗೆ ಅದು ಹೊಳೆದಿರಲಿಲ್ಲ. ನಾಚಿಕೆಯಾಯಿತು.

ಅಂದು ಊರಲ್ಲಿ ಅಂಗಡಿಗಳ ರಜೆ. ಎರಡು ಕಡೆ ಬಾಗಿಲು ಬಡಿದು ಬಂದೆ, ಖಾಲಿ ಕ್ಯಾಸೆಟ್ಟು ಸಿಗಲಿಲ್ಲ. ಮನೆಯಲ್ಲಿದ್ದದ್ದು ಮಗಳ ಒಂದು ಡಿಸ್ಕೊ, ನನ್ನದೊಂದು. ಸುಳ್ಳು ಹೇಳಬಾರದು, ನನ್ನ ಕೈ ಮೊದಲು ಹೋದದ್ದು ಮಗಳದರ ಮೇಲೆ. ಅವಳು ಮುಖ ಸಣ್ಣದು ಮಾಡಿಕೊಂಡು ಡಬ್ಬಿ ಸಮೇತ ತಂದುಕೊಟ್ಟಳು. ಆ ಮುಖ ನೋಡಿ ಅದನ್ನು ವಾಪಸು ಕೊಟ್ಟೆ. ಅಜ್ಜನ ಪದ ಇವತ್ತೇ ಮುಗಿಯುವ ಲಕ್ಷಣವಿಲ್ಲವೆಂದು ಗೊತ್ತಿದ್ದ ಅವಳು ಆಡಲು ಓಡಿಹೋದಳು.

ನನ್ನ ಕ್ಯಾಸೆಟ್ಟಿನ ಎರಡನೇ ಬಾಜುವನ್ನು ಮೇಲೆ ಮಾಡಿ ಹಾಕಿದೆ. ಅಪ್ಪನಿಗೆ ಒಂದು ತಾಸು ಬೇಕೇ ಬೇಕು, ಅಂದರೆ ಎರಡೂ ಬಾಜು ಹೋಗುತ್ತವೆ. ಆದರೂ ಹಡಗಿನ ಬಾಜುವನ್ನು ಕೊನೆಗೆ ಉಳಿಸಿಕೊಂಡೆ. ಮುದುಕ ಸುಸ್ತಾಗಿ ಅರ್ಧಕ್ಕೇ ನಿಲ್ಲಿಸಲಿ, ಅದು ಉಳಿದುಕೊಳ್ಳಲಿ ಎಂದು ಮನಸ್ಸಿನಲ್ಲಿ ಹಾರೈಸಿದೆ. ನಾನು ಅಂಥವನು.

ಅಪ್ಪ ಯಂತ್ರವನ್ನು ಅನುಮಾನದಿಂದ ನೋಡಿದ. "ಎಷ್ಟೊತ್ತ ಹಿಡಿತದ ಇದು?"

ಒಂದು ಬಾಜು ಅರ್ಧ ತಾಸು ಅಂದೆ.

"ಅರ್ಧ ತಾಸಿನ್ಯಾಗ ಏನ್ ಹಾಡೂದು? ಗಂಟ್ಲಾನೂ ಬಿಚ್ಚಂಗಿಲ್ಲ. ಹೋಗ್ಲಿ, ತಾಳ ತೊಗೊ."

ಹನ್ನೊಂದು ವರ್ಷದ ಮೇಲೆ ತಾಳ ಕೈಗೆ ತೆಗೆದುಕೊಂಡೆ. ಅದೇ ಏಳು ಮಾತ್ರೆಯ ಪದ. ಮೂರು, ಎರಡು, ಎರಡು. ಧ್ವನಿ ಒಡೆದಿತ್ತು, ಮೇಲಿನ ಸ್ವರಕ್ಕೆ ಹೋಗಲಾರದೆ ಬದಿಯಿಂದ ಹೋಗುತ್ತಿತ್ತು, ಆದರೂ ಪಲ್ಲವಿಯನ್ನು ಹಿತ್ತಲಿನಿಂದ, ಮುಂಬಾಗಿಲಿನಿಂದ, ಮಾಳಿಗೆ ಮೇಲಿನಿಂದ ಕರೆದುಕೊಂಡು ಬಂದ. ಕ್ಯಾಬಿನ್ನಿನಲ್ಲಿ ಹಡಗಿನ ರೆಕಾರ್ಡು ಕೇಳಿ ರೋಮಾಂಚನವಾದ ಜಾಗದಲ್ಲೇ ಮತ್ತೆ ರೋಮಾಂಚನವಾಯಿತು. ಟೆಂಟಿನ ಮಾಲೀಕ ಹೇಳಿದ್ದು ಆಗ ತಿಳಿಯಿತು. ಇಷ್ಟು ವರ್ಷ ಈ ಮನುಷ್ಯನನ್ನು ಬಿಟ್ಟು ಓಡಾಡಿದೆನಲ್ಲ. ಇನ್ನು ಒಂದು ತಾಸಲ್ಲ, ಬೆಳಗಿನವರೆಗೂ ಹಾಡಲಿ, ಎರಡೂ ಬಾಜು ಹಾಳಾಗಿ ಹೋಗಲಿ ಅನ್ನಿಸಿತು.

ಆಗ ಅಪ್ಪ ನಿಲ್ಲಿಸಿದ. ನುಡಿಯ ನಡುವೆ ಏಕತಾರಿಯ ತಂತಿಯ ಮೇಲೆ ಬೆರಳಿಟ್ಟು, "ಸಾಕು" ಅಂದ. ಇಪ್ಪತ್ತಾರು ನಿಮಿಷವಾಗಿತ್ತು. ಟೇಪು ಇನ್ನೂ ಇದೆ ಎಂದು ಹೇಳಬೇಕೆಂದಿದ್ದವನು ಗುಂಡಿ ಒತ್ತಿದೆ. ನನ್ನ ಹಾರೈಕೆ ಫಲಿಸಿತ್ತು.

ಆಪರೇಶನ್ ಆಯಿತು. ಅಪ್ಪ ಮನೆಗೆ ಬಂದ, ಕುತ್ತಿಗೆಗೆ ಬಿಳಿ ಪಟ್ಟಿ, ಮಾತಿಗೆ ಬದಲು ಕೈಸನ್ನೆ. ಬೈಗುಳಕ್ಕೂ ಸನ್ನೆಗಳನ್ನು ಬೇಗ ಕಂಡುಕೊಂಡ, ಅದರಲ್ಲೂ ಚುಟುಕು ಎಂಬುದಿರಲಿಲ್ಲ. ಕ್ಯಾಸೆಟ್ಟನ್ನು ಯಾರೂ ಮುಟ್ಟಲಿಲ್ಲ. ನನಗಂತೂ ಧೈರ್ಯವೇ ಆಗಲಿಲ್ಲ.

ಒಂದು ರವಿವಾರ ಮಧ್ಯಾಹ್ನ ಮಗಳೇ ಅದನ್ನು ಹಚ್ಚಿದಳು. ಅಪ್ಪ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದ, ನಾನು ಬಾಗಿಲಲ್ಲಿ ನಿಂತೆ. ಪದ ಶುರುವಾಗುತ್ತಲೇ ಅವನ ಬಲಗೈ ತೊಡೆಯ ಮೇಲೆ ಮೂರು, ಎರಡು, ಎರಡು ಎಣಿಸತೊಡಗಿತು. ಇಪ್ಪತ್ತಾರು ನಿಮಿಷ ಅವಳು ಓಡಿಸುವ ಗುಂಡಿ ಮುಟ್ಟಲಿಲ್ಲ. ಅಪ್ಪನ ಧ್ವನಿ "ಸಾಕು" ಅಂದಿತು, ಒಂದು ಟಕ್ ಸದ್ದಾಯಿತು. ಮರುಕ್ಷಣವೇ, ನಾನು ಮರೆತೇಬಿಟ್ಟಿದ್ದ, ಅಳಿಸದೆ ಉಳಿದ ಮರದ ತಲೆಯವನ ಕೊನೆಯ ನಾಲ್ಕು ನಿಮಿಷ ಮೇಲೆದ್ದಿತು. ಡ್ರಮ್ಮು, ಆರ್ಗನ್ನು, ಗಿಟಾರು ಎಲ್ಲ ಒಟ್ಟಿಗೆ, ಏಳು ಮಾತ್ರೆಯಲ್ಲಿ. ನಮ್ಮ ಮನೆಯಲ್ಲಿ ನನ್ನ ಹೊರತು ಯಾರೂ ಅಲ್ಲಿಯವರೆಗೆ ತಾಳ್ಮೆಯಿಂದ ಕೇಳಿರಲಿಲ್ಲ. ಮಗಳು ಅಜ್ಜನ ಕಡೆ ಬೆರಗಿನಿಂದ ತಿರುಗಿದಳು.

"ಅಜ್ಜಾ, ಇಷ್ಟ್ ಮಂದಿ ನಿನ್ ಹಿಂದ ಬಾರಿಸ್ಲಾಕ ಯಾವಾಗ ಬಂದಿದ್ರು?"

ನಾನು ಬಾಯಿ ತೆರೆದೆ. ಅಪ್ಪ ಎಡಗೈ ಎತ್ತಿ ಸುಮ್ಮನಿರು ಎಂದು ಸನ್ನೆ ಮಾಡಿದ. ಬಲಗೈ ನಿಂತಿರಲಿಲ್ಲ, ಆ ಟಕ್ ಸದ್ದಿನ ಮೇಲಿಂದ ದಾಟಿ, ಒಂದು ಪೆಟ್ಟೂ ತಪ್ಪದೆ, ವಿಲಾಯತಿಯವರ ಜೊತೆ ನಡೆದಿತ್ತು. ನಾಲ್ಕು ನಿಮಿಷ ಮುಗಿದು ಟೇಪು ನಿಂತಾಗ ಅವನು ಮಗಳ ಕಡೆ ನೋಡಿ ಅಂಗೈಯನ್ನು ಮಗುಚಿ ತೋರಿಸಿದ. ಇನ್ನೊಂದು ಬಾಜು ಹಾಕು.

ಅವಳು ಹಡಗಿನ ಬಾಜು ಹಾಕಿದಳು. ಗಾಳಿ ಬೀಸುವ ಆ ಎರಡು ನಿಮಿಷ ಬಂದಾಗಲೂ ಮೂವರಲ್ಲಿ ಒಬ್ಬರೂ ಕದಲಲಿಲ್ಲ. ಅರ್ಧ ತಾಸಿಗೆ ಟೇಪು ಮುಗಿದು ಗುಂಡಿ ತಾನಾಗಿ ಮೇಲೆದ್ದಿತು. ಅಪ್ಪನ ಕೈ ಇನ್ನೂ ನಿಂತಿರಲಿಲ್ಲ.