ಅಖ್ತರಿಯ ಹಿಟ್ಟಿನ ಡಬ್ಬಿ

ನಮ್ಮ ಗದಗಿನ ಕಾಲೇಜಿನಲ್ಲಿ ಡಾಕ್ಟರೇಟು ಪಡೆದವರು ಮೂವತ್ತೊಂದು ಜನ ಇದ್ದೇವೆ. ಜಗತ್ತಿಗೆಲ್ಲ ಬುದ್ಧಿ ಹೇಳಬಲ್ಲ ನಮಗೆ ಒಂದು ಫಾರ್ಮು ತುಂಬಲು ಬರುತ್ತಿರಲಿಲ್ಲ. ಒಪ್ಪಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಆ ಫಾರ್ಮಿನಲ್ಲಿ ನಲವತ್ತೆರಡು ಖಾನೆಗಳಿದ್ದವು.

ಅದು ಕಾಲೇಜಿನ ಡಿಜಿಟಲ್ ಭಂಡಾರದ ಫಾರ್ಮು. ನಾವು ಬರೆದ ಸಂಶೋಧನಾ ಲೇಖನಗಳು ದೂರದ ಪತ್ರಿಕೆಗಳಲ್ಲಿ ಬೀಗದೊಳಗೆ ಕೂತಿರುತ್ತವೆ, ನಮ್ಮ ವಿದ್ಯಾರ್ಥಿಗಳಿಗೇ ಓದಲು ಸಿಗುವುದಿಲ್ಲ. ಒಂದು ಪ್ರತಿ ಈ ಭಂಡಾರದಲ್ಲಿಟ್ಟರೆ ಯಾರು ಬೇಕಾದರೂ ಪುಕ್ಕಟೆ ಓದಬಹುದು. ಮೂರು ವರ್ಷದಲ್ಲಿ ಬಂದದ್ದು ಒಂಬತ್ತು. ಅದರಲ್ಲೂ ಐದು ನಮ್ಮ ಪ್ರಾಚಾರ್ಯರ ಸ್ವಾಗತ ಭಾಷಣಗಳು.

ಭಂಡಾರ ನೋಡಿಕೊಳ್ಳುತ್ತಿದ್ದವಳು ಬೆಟಗೇರಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ಮಕ್ತುಮಸಾಬರ ಮಗಳು ಅಖ್ತರಿ. ಗ್ರಂಥಾಲಯದಲ್ಲಿ ಗುತ್ತಿಗೆ ನೌಕರಿ, ವರ್ಷವರ್ಷವೂ ಮರುನೇಮಕದ ಆರ್ಡರಿಗೆ ಕಾಯುವ ಪಾಡು. ಈ ಜೂನ್‌ನಲ್ಲಿ ಪ್ರಾಚಾರ್ಯರು ಅವಳನ್ನು ಕರೆದು, "ತಿಂಗಳದಾಗ ನೂರು ಪೇಪರ್ ಆಗಬೇಕು. ಇಲ್ಲಾಂದ್ರ ಭಂಡಾರಾನೂ ಬಂದ್, ನಿನ್ನ ನೌಕರೀನೂ ಬಂದ್" ಎಂದರು.

ಅವಳು ನೇರ ನನ್ನ ಬಳಿ ಬಂದು, "ಸರ, ನಿಮ್ಮ ಪೇಪರ್ ಯಾವಾಗ್ರಿ?" ಎಂದಳು. ನಾನು "ನಾಳೆ" ಎಂದೆ. ಮೂರು ವರ್ಷದಿಂದ ಅದನ್ನೇ ಹೇಳುತ್ತಿದ್ದೆ.

ಮರುದಿನ ಸ್ಟಾಫ್ ರೂಮಿನಲ್ಲಿ ಚಹದ ಕೆಟಲಿನ ಪಕ್ಕ ಒಂದು ದೊಡ್ಡ ಹಿಟ್ಟಿನ ಡಬ್ಬಿ ಕೂತಿತ್ತು.

"ನಮ್ಮ ಗಿರಣ್ಯಾಗ ಜನ ಡಬ್ಬಿ ಇಟ್ಟು, ಚೀಟಿ ಹಾಕಿ ಹೋಗ್ತಾರ್ರಿ. ಜ್ವಾಳ ಯಾವ ಹೊಲದ್ದು, ಬಿತ್ತಿದವರು ಯಾರು ಅಂತ ನಮ್ಮಪ್ಪ ನಲವತ್ತೆರಡು ಪ್ರಶ್ನೆ ಕೇಳಂಗಿಲ್ಲ. ನೀವೂ ಪೇಪರಿನ ಹೆಸರು ಬರದು ಚೀಟಿ ಹಾಕ್ರಿ, ನನ್ನ ಫೋನಿಗೆ ಫೈಲ್ ಕಳಸ್ರಿ. ಪತ್ರಿಕೆಯವರ ನಿಯಮ ನೋಡೋದು, ಫಾರ್ಮು ತುಂಬೋದು ನನಗ ಬಿಡ್ರಿ."

ಇದಕ್ಕಿಂತ ಸುಲಭ ಇನ್ನೇನು ಬೇಕು? ಆದರೂ ನಾಲ್ಕು ದಿನ ಡಬ್ಬಿ ಖಾಲಿ. ಪಂಕ್ತಿಯಲ್ಲಿ ಹಿರಿಯರು ತುತ್ತೆತ್ತುವ ಮೊದಲು ಕಿರಿಯರು ಕೈ ಹಾಕುತ್ತಾರೆಯೇ? ಎಲ್ಲರಿಗಿಂತ ಹಿರಿಯರಾದ ಚನ್ನಬಸವಣ್ಣನವರು "ಸಣ್ಣವರು ಹಾಕಲಿ, ನೋಡೂಣು" ಎಂದು ಕೂತಿದ್ದರು. ಸಣ್ಣವರು ಅವರ ಮುಖ ನೋಡುತ್ತ ಕೂತಿದ್ದರು. ಒಬ್ಬ ಹುಡುಗಿಯ ಅನ್ನ ನಮ್ಮ ಈ ಮರ್ಯಾದೆಯಲ್ಲಿ ಸಿಕ್ಕಿಕೊಂಡಿತ್ತು.

ಐದನೇ ದಿನ ಅಖ್ತರಿ ಚನ್ನಬಸವಣ್ಣನವರ ಮುಂದೆ ನಿಂತಳು. "ಸರ, ಬೋಣಿಗಿ ನಿಮ್ಮ ಕೈಲೇ ಆಗಬೇಕಂತ ಎಲ್ಲಾರೂ ಹಠ ಹಿಡದಾರ್ರಿ."

ಯಾರೂ ಹಿಡಿದಿರಲಿಲ್ಲ. ಆದರೆ ಅವರು ಗಂಟಲು ಸರಿಮಾಡಿಕೊಂಡು, ಎದ್ದು ನಿಂತು, ಹದಿನೇಳು ಚೀಟಿ ಹಾಕಿದರು. ಹಳೆಯ ಲೇಖನಗಳ ಫೈಲು ಅವರಲ್ಲಿರಲಿಲ್ಲ. ಒಂದೊಂದೇ ಪುಟದ ಫೋಟೊ ತೆಗೆದು ಕಳಿಸಿದರು. ಪ್ರತಿ ಪುಟದ ಮೂಲೆಯಲ್ಲೂ ಅವರ ಹೆಬ್ಬೆರಳು. ಅವರ ಹಳೆಯ ವಿದ್ಯಾರ್ಥಿನಿಯಾದ ಅಖ್ತರಿ ಅವನ್ನೆಲ್ಲ ಕತ್ತರಿಸಿ ಭಂಡಾರಕ್ಕೆ ಹಾಕಿದಳು. ಶಿಷ್ಯೆಯೊಬ್ಬಳು ಗುರುವಿನ ಹೆಬ್ಬೆರಳು ತೆಗೆದದ್ದು ಬಹುಶಃ ಅದೇ ಮೊದಲು.

ಆಮೇಲೆ ನಾವೆಲ್ಲ ಮುಗಿಬಿದ್ದೆವು. ತಿಂಗಳ ಕೊನೆಗೆ ನೂರಾ ಹದಿನಾಲ್ಕು!

ಪ್ರಾಚಾರ್ಯರು ಹಿಗ್ಗಿದರು. "ಇಷ್ಟು ಸರಳ ಐತಿ ಅಂದ್ರ ಡಬ್ಬಿ ಒಂದಿದ್ರ ಸಾಕಲ್ಲ! ಈ ವರ್ಷ ನಿನಗ ಆರ್ಡರ್ ಬ್ಯಾಡ ಬಿಡವಾ."

ನನಗೆ ಮೈಯೆಲ್ಲ ಉರಿಯಿತು. ಮಾಡಿದ್ದೇನು? ಚಹ ಕುಡಿದೆ. ಅಖ್ತರಿ "ಆತ್ರಿ ಸರ" ಎಂದು, ಡಬ್ಬಿಯನ್ನು ಅಲ್ಲೇ ಬಿಟ್ಟು ಮನೆಗೆ ಹೋದಳು.

ಎರಡು ವಾರ ಚೀಟಿಗಳು ಬೀಳುತ್ತಲೇ ಇದ್ದವು. ಒಂದು ದಿನ ಪ್ರಾಚಾರ್ಯರಿಗೆ ನಾಗಾವಿಯ ವಿಶ್ವವಿದ್ಯಾಲಯದಿಂದ ಕರೆ ಬಂತು: ಸಂಜೆಯೊಳಗೆ ಪ್ರಾಚಾರ್ಯರ ಹೊಸ ಲೇಖನ ಭಂಡಾರದಲ್ಲಿ ಕಾಣದಿದ್ದರೆ ವಿಚಾರಸಂಕಿರಣದ ಅಧ್ಯಕ್ಷತೆ ಬೇರೆಯವರಿಗೆ. ಓಡಿಬಂದು ಡಬ್ಬಿ ಬುಡಮೇಲು ಮಾಡಿದರು. ಅವರ ಚೀಟಿಯೂ ಸೇರಿ ಇಪ್ಪತ್ತಾರು ಚೀಟಿಗಳು ಇಟ್ಟಂತೆಯೇ ಉದುರಿದವು. ನಮ್ಮೆದುರಿಗೇ ಸ್ಪೀಕರ್ ಹಾಕಿ ಅಖ್ತರಿಗೆ ಫೋನ್ ಹಚ್ಚಿದರು.

"ಜಲ್ದಿ ಬಾರವಾ. ಆರು ತಿಂಗಳ ಆರ್ಡರ್ ಕೊಡ್ತೇನಿ."

"ಹಲೋ? ಗಿರಣಿ ಸಪ್ಪಳದಾಗ ಏನೂ ಕೇಳವಲ್ತ್ರಿ ಸರ."

"ಒಂದು ವರ್ಷ!"

"ತುಸು ಕೇಳಾಕತ್ತೈತ್ರಿ."

ಚನ್ನಬಸವಣ್ಣನವರು ಮೆಲ್ಲಗೆ, "ಮೂರು ವರ್ಷ ಅನ್ರಿ ಸರ, ಅವರ ಗಿರಣಿ ಭಾಳ ದೊಡ್ಡದೈತಿ" ಎಂದರು.

"ಮೂರು ವರ್ಷ!" ಪ್ರಾಚಾರ್ಯರು ಕಿರುಚಿದರು.

"ಈಗ ಸ್ವಚ್ಛ ಕೇಳಿಸ್ತ್ರಿ. ಆರ್ಡರ್ ಫೋನಿಗೆ ಕಳಸ್ರಿ, ನೋಡಿಕೊಂಡು ಬರ್ತೇನಿ."

ಅಂದು ಶುಕ್ರವಾರ. ಮಕ್ತುಮಸಾಬರ ಗಿರಣಿ ಶುಕ್ರವಾರ ಬಂದ್ ಇರುತ್ತದೆಂಬುದು, ಅಲ್ಲೇ ಹಿಟ್ಟು ಬೀಸಿಸುವ ನನಗೆ ಗೊತ್ತಿತ್ತು. ನಾನು ಬಾಯಿ ಬಿಡಲಿಲ್ಲ.